ಎಂ.ಟೆಕ್ ಓದಿ 9 ವರ್ಷ ದುಡಿದ ಮೇಲೆ ಕೆಲಸ ಬಿಟ್ಟೆ. ನಿಮ್ಮ ಮನೆಯಲ್ಲಿ ಏನಾಯ್ತು?

ತುಮಕೂರು_ಹುಡುಗಿ

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಎಂ.ಟೆಕ್ ಮಾಡಿದ್ದೇನೆ, ಚಿಪ್ ವೆರಿಫಿಕೇಶನ್‌ನಲ್ಲಿ 9 ವರ್ಷ ಕೆಲಸ ಮಾಡಿದ್ದೇನೆ. ಮಗಳಿಗೆ ಈಗ ಮೂರೂವರೆ ವರ್ಷ. ನೆಂಟರು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಮಗುವಿಗೋಸ್ಕರ ಬಿಟ್ಟೆಯಲ್ಲ, ಒಳ್ಳೇದಾಯ್ತು ಬಿಡು." ಕೇಳಿ ಕೇಳಿ ನನಗೇ ಅನುಮಾನ ಬಂತು. ಮಗುವಿಗೋಸ್ಕರ ಬಿಡೋದಾಗಿದ್ದರೆ ಹೆರಿಗೆ ಆದಾಗಲೇ ಬಿಡಬೇಕಿತ್ತು ಅಲ್ವಾ? ಆಗ ಬಿಡಲಿಲ್ಲ. 26 ವಾರ ರಜೆ ಮುಗಿಸಿ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಾಲು ತೆಗೆದಿಟ್ಟು ಕೆಲಸಕ್ಕೆ ಹೋದವಳು ನಾನು. ಮೂರು ವರ್ಷ ಹೇಗೋ ತಳ್ಳಿದ ಮೇಲೆ ಯಾಕೆ ಕೈ ಚೆಲ್ಲಿದೆ? ಕೂತು ಬರೆದು ನೋಡೋಣ ಅನ್ನಿಸಿತು.

ಅತ್ತೆ ನಮ್ಮ ಜೊತೆ ಇದ್ದಷ್ಟು ದಿನ ಎಲ್ಲ ನಡೆಯಿತು. ಕಳೆದ ವರ್ಷ ಪುಣೆಯಲ್ಲಿರುವ ನಾದಿನಿಯ ಬಾಣಂತನಕ್ಕೆ ಹೋದರು. ಹೋಗಲೇಬೇಕು, ಮಗಳು. ನನಗೂ ನನ್ನಮ್ಮನೇ ಬಾಣಂತನ ಮಾಡಿದ್ದು. ಐದು ತಿಂಗಳಿಗೆ ಅಂತ ಹೋದವರು ಅಲ್ಲೇ ಉಳಿಯಬೇಕಾಯ್ತು. ನಾವು ಮಗಳನ್ನು ಡೇಕೇರ್‌ಗೆ ಸೇರಿಸಿದೆವು. ಮನೆ ಬೆಂಗಳೂರಿನ ಬನಶಂಕರಿ, ಆಫೀಸು ಮಾರತ್ತಹಳ್ಳಿ ಕಡೆ. ಡೇಕೇರ್ ಬಾಗಿಲು ಹಾಕೋದು ಆರೂವರೆಗೆ. ಐದಕ್ಕೆ ಹೊರಟರೂ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವಷ್ಟರಲ್ಲಿ ಉಸಿರು ಹೋಗುತ್ತದೆ. ಐದಕ್ಕೆ ಏಳುವಾಗ ಟೀಮಿನವರ ಕಣ್ಣೆಲ್ಲ ನನ್ನ ಬ್ಯಾಗಿನ ಮೇಲೆ. ಮತ್ತೆ ರಾತ್ರಿ ಒಂಬತ್ತಕ್ಕೆ ಅಮೆರಿಕದ ಟೀಮಿನ ಜೊತೆ ಕಾಲ್. ಟೇಪ್‌ಔಟ್ (ಚಿಪ್ಪಿನ ಡಿಸೈನ್ ಮುಗಿಸಿ ತಯಾರಿಕೆಗೆ ಕಳಿಸೋದು) ಹತ್ತಿರ ಬಂದರೆ ಅದು ಹನ್ನೆರಡಾದರೂ ಮುಗಿಯುವುದಿಲ್ಲ. ಸಂಜೆ ಐದರಿಂದ ಒಂಬತ್ತರವರೆಗೆ ನಾನು ಮಾಡುವ ಕೆಲಸ ಯಾರ ಲೆಕ್ಕಕ್ಕೂ ಇಲ್ಲ, ರಾತ್ರಿ ಮಾಡುವ ಕೆಲಸ ಆಫೀಸಿನ ಲೆಕ್ಕಕ್ಕೂ ಸರಿಯಾಗಿ ಬರುವುದಿಲ್ಲ.

ಒಂದು ಸಂಜೆ ಜೋರು ಮಳೆ. ನಾನು ತಲುಪಿದಾಗ ಏಳು ಹತ್ತು. ಡೇಕೇರ್ ಒಳಗೆ ಒಂದೇ ಲೈಟ್ ಉರಿಯುತ್ತಿತ್ತು. ಮಗಳು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಎಡಗಾಲಿನ ಶೂ ಬಲಗಾಲಿಗೆ, ಬಲಗಾಲಿನದ್ದು ಎಡಗಾಲಿಗೆ. ತಾನೇ ಹಾಕಿಕೊಂಡಿದ್ದಳು ಅಂತ ಕಾಣುತ್ತೆ, ಎಷ್ಟು ಹೊತ್ತಾಗಿತ್ತೋ. ಪಕ್ಕದಲ್ಲಿ ಆಯಾ ಕೊಡೆ ಹಿಡಿದು ನಿಂತಿದ್ದರು. ಮಗಳು ಅಳಲಿಲ್ಲ. ಆಯಾ ಬೈಯಲಿಲ್ಲ. "ನನ್ನ ಮಗನೂ ಕಾಯ್ತಿರ್ತಾನೆ ಮೇಡಂ" ಅಂದರು, ಅಷ್ಟೇ.

ಆ ರಾತ್ರಿ ನಾನೂ ಇವರೂ ಕೂತು ಲೆಕ್ಕ ಹಾಕಿದೆವು. ನನ್ನ ಸಂಬಳದಲ್ಲಿ ಡೇಕೇರ್ ಫೀಸು ಕಳೆ, ಕ್ಯಾಬ್ ಕಳೆ, ಅಡುಗೆಯವರ ಸಂಬಳ ಕಳೆ. "ಇಷ್ಟು ಉಳಿಯೋದಕ್ಕೆ ಇಷ್ಟೊಂದು ಒದ್ದಾಟ ಬೇಕಾ?" ಅಂತ ಇವರು ಕೇಳಿದರು. ಪ್ರೀತಿಯಿಂದಲೇ ಕೇಳಿದರು. ನನಗೂ ಸರಿ ಅನ್ನಿಸಿತು. ಮೊನ್ನೆ ಆ ಹಾಳೆ ಮತ್ತೆ ಕೈಗೆ ಸಿಕ್ಕಿತು. ನೋಡಿದರೆ ಎಲ್ಲ ಖರ್ಚನ್ನೂ ನನ್ನ ಸಂಬಳದಲ್ಲೇ ಕಳೆದಿದ್ದೇವೆ. ಮಗು ಇಬ್ಬರದ್ದು. ಊಟ ಇಬ್ಬರೂ ಮಾಡುತ್ತೇವೆ. ಇವರ ಸಂಬಳ ಬರೆದ ಕಡೆ ಒಂದು ರೂಪಾಯಿಯೂ ಕಳೆದಿಲ್ಲ. ಇಬ್ಬರೂ ಇಂಜಿನಿಯರುಗಳು. ಇಬ್ಬರಿಗೂ ಅದು ಹೊಳೆಯಲಿಲ್ಲ.

ಬಿಟ್ಟವರೂ ಬರೆಯಿರಿ, ಬಿಡದೆ ಉಳಿದವರೂ ಬರೆಯಿರಿ.

ಶಿವಮೊಗ್ಗ_ಬ್ಯಾಂಕ್

ಓದಿ ಕಣ್ಣು ತುಂಬಿ ಬಂತು ಕಣಮ್ಮ. ನಾನು ಬಿಡಲಿಲ್ಲ, ಆದರೆ ನಿಂತಲ್ಲೇ ನಿಂತೆ. ಸರ್ಕಾರಿ ಬ್ಯಾಂಕಿನಲ್ಲಿ ಬಡ್ತಿ ಅಂದರೆ ವರ್ಗ. ಬಡ್ತಿ ಪರೀಕ್ಷೆಗೆ ಎರಡು ಸಲ ಹೆಸರು ಕೊಡಲಿಲ್ಲ. ಮಗ ಎಸ್‌ಎಸ್‌ಎಲ್‌ಸಿ, ಮಾವನಿಗೆ ಲಕ್ವ. ನನ್ನ ಜೊತೆಗೇ ಸೇರಿದ ಗಂಡಸರು ಈಗ ನನ್ನ ಮೇಲಧಿಕಾರಿಗಳು. ಅವರ ಮನೆಯಲ್ಲೂ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಅವರನ್ನು ನೋಡಿಕೊಳ್ಳೋಕೆ ಅವರ ಹೆಂಡತಿಯರಿದ್ದಾರೆ. ಕೆಲಸ ಬಿಟ್ಟವರ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ. ಹೀಗೆ ಅರ್ಧ ಬಿಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದಾರೋ.

ಹಾಸನದವ

ಮೇಡಂ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಮ್ಮ ಬಿ.ಎಸ್ಸಿ., ಬಿ.ಎಡ್. ಮಾಡಿ ಹೈಸ್ಕೂಲ್ ಟೀಚರ್ ಆಗಿದ್ದವರು. ನಾನು ಹುಟ್ಟಿದ ಮೇಲೆ ಬಿಟ್ಟರು. ಇವತ್ತು ನಾನೂ ತಂಗಿಯೂ ನಾಲ್ಕು ಅಕ್ಷರ ಕಲಿತು ನಮ್ಮ ಕಾಲ ಮೇಲೆ ನಿಂತಿದ್ದರೆ ಅದು ಅಮ್ಮ ಮನೆಯಲ್ಲಿದ್ದದ್ದರಿಂದ. ಶಾಲೆಯಿಂದ ಬಂದಾಗ ಬಾಗಿಲು ತೆಗೆಯೋಕೆ ಅಮ್ಮ ಇರೋದು ಸಣ್ಣ ವಿಷಯ ಅಲ್ಲ. ಕೆಲಸ ಬಿಡೋದನ್ನೇ ಒಂದು ಸೋಲು ಅಂತ ಯಾಕೆ ನೋಡಬೇಕು? ಮನಸ್ಸಾರೆ ಬಿಟ್ಟವರೂ ಇರುತ್ತಾರೆ.

ತುಮಕೂರು_ಹುಡುಗಿ

ಬೇಜಾರಿಲ್ಲ ಸರ್. ಮನಸ್ಸಾರೆ ಬಿಟ್ಟವರು ನನ್ನ ಗೆಳತಿಯರಲ್ಲೇ ಇದ್ದಾರೆ, ಖುಷಿಯಾಗಿದ್ದಾರೆ. ಒಂದು ಕೆಲಸ ಮಾಡ್ತೀರಾ? ನಿಮ್ಮ ತಾಯಿಯವರನ್ನು ಒಮ್ಮೆ ಕೇಳಿ ನೋಡಿ. ಅವರು ಏನಂದರು ಅಂತ ಇಲ್ಲಿ ಬರೆಯಿರಿ. ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಎಚ್‌ಆರ್_ಕುರ್ಚಿಯಿಂದ

ನಾನು ಕುರ್ಚಿಯ ಆ ಕಡೆ, ಕಂಪನಿಯ ನೇಮಕಾತಿ ವಿಭಾಗದಲ್ಲಿ ಕೂತವಳು, 14 ವರ್ಷದಿಂದ. ಹೆಸರು ಹೇಳಲಾರೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದ ರಜೆ 26 ವಾರ ಆಯ್ತು. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತ ಬಂತು. ಕೆಲಸಕ್ಕೆ ಸೇರುವಾಗಲೇ ಇದನ್ನೆಲ್ಲ ಬರಹದಲ್ಲಿ ತಿಳಿಸಬೇಕು ಅಂತಲೂ ಇದೆ. ಇಲ್ಲಿ ಓದುವವರಲ್ಲಿ ಎಷ್ಟು ಜನಕ್ಕೆ ಹಾಗೆ ತಿಳಿಸಿದ್ದಾರೆ? ಕೈ ಎತ್ತಿ ನೋಡೋಣ.

ಒಳ್ಳೆಯ ಕಾಯ್ದೆ, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಆರು ತಿಂಗಳ ಸಂಬಳವನ್ನು ಪೂರ್ತಿ ಕಂಪನಿಯೇ ಕೊಡಬೇಕು. ಸಂಬಳ ಕಡಿಮೆ ಇದ್ದು ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಗೆ ಬರುವವರಿಗೆ ಇಎಸ್‌ಐ ಕೊಡುತ್ತದೆ, ಆದರೆ ಜಾಸ್ತಿ ಓದಿ ಜಾಸ್ತಿ ಸಂಬಳ ಪಡೆಯುವವರು ಅಲ್ಲಿ ಬರುವುದಿಲ್ಲ. ಈ ಖರ್ಚು ಸಾಮಾಜಿಕ ವಿಮೆಯಿಂದಲೋ ಸರ್ಕಾರದ ಹಣದಿಂದಲೋ ಬರಬೇಕು, ಒಬ್ಬೊಬ್ಬ ಮಾಲೀಕನ ತಲೆ ಮೇಲೆ ಬೀಳಬಾರದು ಅನ್ನೋದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನಿಲುವು. ಅದು ಯಾಕೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹೊಸದಾಗಿ ಮದುವೆಯಾದ ಹುಡುಗಿ ಸಂದರ್ಶನಕ್ಕೆ ಬಂದರೆ, ಆಕೆ ಹೊರಗೆ ಹೋದ ಮೇಲೆ ಒಳಗೆ ಏನು ಮಾತಾಗುತ್ತದೆ ಅಂತ ನನಗೆ ಗೊತ್ತು. ಕಾಗದದ ಮೇಲೆ ಮಾತ್ರ ಅದು ಯಾವತ್ತೂ ಬರುವುದಿಲ್ಲ.

ಇನ್ನೊಂದು ವಿಷಯ. ಹೆರಿಗೆ ರಜೆಯಿಂದ ಬಂದವರಿಗೆ ಆ ವರ್ಷ "ಆರು ತಿಂಗಳು ಇರಲಿಲ್ಲ" ಅಂತ ಮಧ್ಯಮ ರೇಟಿಂಗ್. ಮುಂದಿನ ವರ್ಷ "ಇನ್ನೂ ಹೊಂದಿಕೊಳ್ಳುತ್ತಿದ್ದಾರೆ" ಅಂತ ಮತ್ತೆ ಮಧ್ಯಮ. ಮೂರನೇ ವರ್ಷ ಆಕೆಯೇ ಕೆಲಸ ಕಲಿಸಿದ ಹುಡುಗ ಆಕೆಯ ಮ್ಯಾನೇಜರ್ ಆಗಿರುತ್ತಾನೆ. ಮಗು ಹುಟ್ಟಿ ಮೂರು ವರ್ಷಕ್ಕೆ ಬಿಡೋದು ಯಾಕೆ ಅಂತ ನೀವು ಕೇಳಿದಿರಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಬಿಟ್ಟು ಹೋಗುವವರು ತುಂಬುವ ಫಾರಂನಲ್ಲಿ ಕಾರಣ ಅಂತ ಒಂದು ಕಾಲಂ ಇರುತ್ತದೆ. ಎಲ್ಲರೂ "ವೈಯಕ್ತಿಕ" ಅಂತ ಬರೆಯುತ್ತಾರೆ. ನಾನು ಆ ಫಾರಂಗಳನ್ನು ತೆಗೆದುಕೊಂಡು ಫೈಲಿಗೆ ಹಾಕಿದ್ದೇನೆ. ಒಬ್ಬರನ್ನಾದರೂ ಕೂರಿಸಿ ಸರಿಯಾಗಿ ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತಿದೆ.

ಧಾರವಾಡ_ಟೀಚರ್

ನಾನು ಸರ್ಕಾರಿ ಹೈಸ್ಕೂಲಿನಲ್ಲಿದ್ದೇನೆ, ಎಂ.ಎಸ್ಸಿ., ಬಿ.ಎಡ್. ಇಬ್ಬರು ಮಕ್ಕಳು. ನನ್ನ ಕೆಲಸ ಉಳಿದಿದೆ. ನಾನೇನು ನಿಮಗಿಂತ ಗಟ್ಟಿಗಿತ್ತಿ ಅಲ್ಲರೀ ಅಕ್ಕಾ. ನನ್ನ ಶಾಲೆ ಬಿಡುವ ಹೊತ್ತಿಗೇ ಮಕ್ಕಳ ಶಾಲೆಯೂ ಬಿಡುತ್ತದೆ, ನನಗೆ ರಜೆ ಇದ್ದಾಗ ಅವರಿಗೂ ರಜೆ. ಹೆರಿಗೆ ರಜೆ ಬಿಟ್ಟು, 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜೆ ಕೊಟ್ಟಿತು. ಚಿಕ್ಕವನಿಗೆ ಡೆಂಗಿ ಆದಾಗ ಅದೇ ಕೈ ಹಿಡಿಯಿತು. ಕೇಂದ್ರ ಸರ್ಕಾರದವರಿಗೆ ಮಕ್ಕಳಿಗೆ 18 ತುಂಬುವವರೆಗೆ ಒಟ್ಟು 730 ದಿನ ಇದೆ. ಅದೇ ಓದು, ಅದೇ ಮಕ್ಕಳು. ಕೆಲಸದ ಹೊತ್ತು ಮತ್ತು ರಜೆ ಬೇರೆ ಆದರೆ ಬಾಳೇ ಬೇರೆ ಆಗುತ್ತದೆ.

ನ್ಯೂಜೆರ್ಸಿ_ದಾವಣಗೆರೆ

ನನ್ನ ಕಥೆ ಸ್ವಲ್ಪ ಬೇರೆ. ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ್ ಓದು, ಬಿಡಿಎಸ್ ಮಾಡಿ ನಾಲ್ಕು ವರ್ಷ ಕ್ಲಿನಿಕ್ ನಡೆಸಿದ್ದೆ. ಮದುವೆಯಾಗಿ ಎಚ್-4 ವೀಸಾದಲ್ಲಿ, ಅಂದರೆ ಇಲ್ಲಿ ಕೆಲಸದ ವೀಸಾದಲ್ಲಿರುವ ಗಂಡನ ಜೊತೆ ಇರೋಕೆ ಕೊಡುವ ವೀಸಾದಲ್ಲಿ, ಅಮೆರಿಕಕ್ಕೆ ಬಂದೆ. ಆ ವೀಸಾದಲ್ಲಿ ಬಂದವರು ಕೆಲಸ ಮಾಡುವ ಹಾಗಿಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ಮಾತ್ರ ಅನುಮತಿ ಸಿಗುತ್ತಿದೆ, ಅದೂ ಗಂಡನ ಗ್ರೀನ್ ಕಾರ್ಡ್ (ಕಾಯಂ ಆಗಿ ಇರುವ ಅನುಮತಿ) ಪ್ರಕ್ರಿಯೆ ಒಂದು ಹಂತಕ್ಕೆ ಬಂದಿದ್ದರೆ. ಒಂದು ದೇಶದವರಿಗೆ ವರ್ಷಕ್ಕೆ ಶೇ. 7ಕ್ಕಿಂತ ಜಾಸ್ತಿ ಗ್ರೀನ್ ಕಾರ್ಡ್ ಕೊಡುವುದಿಲ್ಲ, ಹಾಗಾಗಿ ನಮ್ಮವರ ಸಾಲು ಕರಗುವುದೇ ಇಲ್ಲ. ಅನುಮತಿ ಸಿಕ್ಕರೂ ನಮ್ಮ ಬಿಡಿಎಸ್ ಇಲ್ಲಿ ಹಾಗೇ ನಡೆಯುವುದಿಲ್ಲ. ಇಲ್ಲಿನ ಡೆಂಟಲ್ ಕಾಲೇಜಿನಲ್ಲಿ ಮತ್ತೆ ಓದಿ, ಪರೀಕ್ಷೆ ಕಟ್ಟಬೇಕು. ಆ ಫೀಸಿಗೆ ಊರಲ್ಲಿ ಒಂದು ಮನೆ ಬರುತ್ತದೆ. ಅಷ್ಟರಲ್ಲಿ ಇಬ್ಬರು ಮಕ್ಕಳಾದರು.

ಊರಿಗೆ ಹೋದಾಗ "ಅಮೆರಿಕದಲ್ಲಿ ಆರಾಮಾಗಿದ್ದೀಯಾ" ಅನ್ನುತ್ತಾರೆ. ಬರುವಾಗ ತಂದಿದ್ದ ಬಾಯಿ ನೋಡುವ ಕನ್ನಡಿ, ಪ್ರೋಬು ಇನ್ನೂ ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಹೋದ ತಿಂಗಳು ದೊಡ್ಡವಳ ಹಾಲುಹಲ್ಲು ಅಲ್ಲಾಡುತ್ತಿತ್ತು. ಕುದಿಯುವ ನೀರಿನಲ್ಲಿ ಕನ್ನಡಿ ಹಾಕಿ ತೆಗೆದು, ಅಡುಗೆಮನೆ ಲೈಟಿನ ಕೆಳಗೆ ಕೂರಿಸಿ ನೋಡಿದೆ. ಕೈ ಒಂಚೂರೂ ನಡುಗಲಿಲ್ಲ. ಒಳಗೆ ಹೊಸ ಹಲ್ಲು ಎಲ್ಲಿದೆ, ಯಾವ ಕಡೆ ವಾಲಿದೆ ಅಂತ ಬೆರಳಿಗೇ ಗೊತ್ತಾಯ್ತು. "ಅಮ್ಮಾ, ನೀನು ಡಾಕ್ಟರಾ?" ಅಂತ ಕೇಳಿದಳು. ಹೌದು ಅಂದೆ. ಎಂಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅಂಕಿಅಂಶ_ಓದುಗ

ಪಾಠ ಮಾಡುವವನು, ಅರ್ಥಶಾಸ್ತ್ರ. ಚಿಕ್ಕದಾಗಿ ಹೇಳುತ್ತೇನೆ. ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ 15 ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ದುಡಿಯುತ್ತಿರುವವರು, ಕೆಲಸ ಹುಡುಕುತ್ತಿರುವವರು ಸೇರಿ 2017-18ರಲ್ಲಿ ಶೇ. 23.3, 2023-24ರಲ್ಲಿ ಶೇ. 41.7. ಇದನ್ನು ನೋಡಿ ಎಲ್ಲ ಸರಿಹೋಯ್ತು ಅಂದುಕೊಳ್ಳಬಾರದು. ಏರಿಕೆಯ ದೊಡ್ಡ ಪಾಲು ಹಳ್ಳಿಯದ್ದು, ಅದರಲ್ಲೂ ಸ್ವಂತ ಹೊಲದಲ್ಲಿ, ಮನೆಯ ವ್ಯಾಪಾರದಲ್ಲಿ ಮಾಡುವ ಕೆಲಸ. ತಿಂಗಳ ಸಂಬಳದ ನೌಕರಿ ಹಾಗೆ ಏರಿಲ್ಲ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಹೆಂಗಸರ ದುಡಿಮೆಯ 200 ವರ್ಷದ ಲೆಕ್ಕ ತೆಗೆದವರು. ದೊಡ್ಡ ಸಂಬಳದ ಕೆಲಸಗಳು ಹೊತ್ತಲ್ಲದ ಹೊತ್ತನ್ನೂ ಕೇಳುತ್ತವೆ, ರಾತ್ರಿ ಕರೆದರೂ ಬರುವವನಿಗೆ ತುಂಬಾ ಜಾಸ್ತಿ ಕೊಡುತ್ತವೆ ಅನ್ನೋದು ಅವರ ವಾದ. ಹಾಗಿದ್ದಾಗ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಮಗುವಿಗೆ ಸಿಗುವ ಹಾಗೆ ಇರಬೇಕಾಗುತ್ತದೆ. ಆ ಒಬ್ಬರು ಯಾರು ಅಂತ ಹೇಳಬೇಕಾಗಿಲ್ಲ. ತುಮಕೂರಿನವರ ರಾತ್ರಿ ಒಂಬತ್ತರ ಕಾಲ್ ಓದುವಾಗ ನನಗೆ ಇದೇ ನೆನಪಾಯ್ತು.

ಮೈಸೂರು_ಅಜ್ಜಿ

ಮಕ್ಕಳೇ, ನನಗೆ 66 ವರ್ಷ. ಟೆಲಿಫೋನ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನನಗೆ ಹೆರಿಗೆ ರಜೆ ಸಿಕ್ಕಿದ್ದು 90 ದಿನ. ನನ್ನತ್ತೆ ಇದ್ದರು, ನಡೆದುಹೋಯ್ತು. ಈಗ ನಾನು ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದೇನೆ. ಮಗ ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸ. ನಾನಿಲ್ಲಿ, ನಮ್ಮ ಯಜಮಾನರು ಮೈಸೂರಲ್ಲಿ ಒಬ್ಬರೇ, ಡಯಾಬಿಟಿಸ್ ಬೇರೆ.

ಅತ್ತೆ ಪುಣೆಗೆ ಹೋದರು ಅಂತ ಬರೆದಿದ್ದೀಯಲ್ಲ ಮಗಳೇ, ಅಲ್ಲೇ ನಿಂತುಬಿಟ್ಟೆ. ಸೊಸೆಯ ಮಗು, ಮಗಳ ಮಗು, ಎರಡರ ನಡುವೆ ಒಬ್ಬಳು ಮುದುಕಿ ರೈಲಿನಲ್ಲಿ ಓಡಾಡುತ್ತಿದ್ದಾಳೆ. ಮೊಮ್ಮಗ ಎರಡು ವರ್ಷದವನು, ಹನ್ನೆರಡು ಕೆ.ಜಿ. ಎತ್ತಿಕೋ ಅಂತ ಕೈ ಚಾಚಿದರೆ ಬೇಡ ಅನ್ನೋಕೆ ಆಗುತ್ತದಾ? ಸಂಜೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತೇನೆ, ಸೊಸೆ ಬರುವ ಮೊದಲೇ. ನೋಡಿದರೆ ಅವಳು ಕೆಲಸ ಬಿಡುತ್ತೇನೆ ಅನ್ನುತ್ತಾಳೆ. ಅವಳ ಕೆಲಸ ನಿಂತಿರೋದು ನನ್ನ ಮಂಡಿ ಮೇಲೆ. ಅವಳು ಬಿಡಬಾರದು, ತುಂಬಾ ಕಷ್ಟಪಟ್ಟು ಓದಿದ್ದಾಳೆ. ಆದರೆ ನನ್ನ ಮಂಡಿ ಇನ್ನೆಷ್ಟು ದಿನ ತಡೆಯುತ್ತದೆ?

ಶಿವಮೊಗ್ಗ_ಬ್ಯಾಂಕ್

ಅಮ್ಮಾ, ದಯವಿಟ್ಟು ನಿಮ್ಮ ಸೊಸೆಗೆ ಹೇಳಿ. ಮುಚ್ಚಿಡಬೇಡಿ. ಗೊತ್ತಾದರೆ ಏನಾದರೂ ದಾರಿ ಹುಡುಕುತ್ತಾರೆ.

ಅಪ್ಪ_ಉಡುಪಿ

ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. "ನಾನು ಮನೆಕೆಲಸದಲ್ಲಿ ಸಹಾಯ ಮಾಡುತ್ತೇನೆ" ಅಂತ ಹೇಳಿಕೊಳ್ಳುತ್ತಿದ್ದವನು ನಾನು. 2024ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅಂತ ಇದೆ. ಓದಿದಾಗ ನಾನು ಆ 88ರಲ್ಲೂ ಇಲ್ಲ ಅಂತ ಗೊತ್ತಾಯ್ತು.

ನನ್ನ ಹೆಂಡತಿ ಸಿ.ಎ. ಒಂದು ದಿನ ಆಡಿಟ್ ಮಧ್ಯೆ ಡೇಕೇರ್‌ನವರು ಅವಳಿಗೆ ಫೋನ್ ಮಾಡಿದ್ದಾರೆ, ಮಗನಿಗೆ ಜ್ವರ ಅಂತ. ಆಗ ನಾನು ಡೇಕೇರ್‌ನಿಂದ ಎರಡು ಕಿಲೋಮೀಟರ್ ದೂರದಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಹದಿನೆಂಟು ಕಿಲೋಮೀಟರ್ ದೂರದಲ್ಲಿದ್ದಳು. ಯಾಕೆ ನನಗೆ ಮಾಡಲಿಲ್ಲ? ಹೋಗಿ ಫಾರಂ ತೆಗೆಸಿ ನೋಡಿದೆ. ಮೊದಲ ನಂಬರ್ ಅವಳದ್ದು, ಎರಡನೆಯದ್ದೂ ಅವಳ ಆಫೀಸಿನದ್ದು. ನನ್ನದು ಮೂರನೇ ಸಾಲಿನಲ್ಲಿ. ಫಾರಂ ತುಂಬಿದ್ದು ನಾನೇ. ಅಲ್ಲೇ ನಿಂತು ಹೊಡೆದು ಹಾಕಿ ನನ್ನ ನಂಬರನ್ನು ಮೇಲೆ ಬರೆದೆ. ಶಾಲೆ, ಲಸಿಕೆ ಹಾಕುವ ಡಾಕ್ಟರ್, ಸ್ಕೂಲ್ ವ್ಯಾನ್, ಎಲ್ಲ ಕಡೆ ಹಾಗೇ ಮಾಡಿದೆ. ಆಮೇಲೆ ನನ್ನ ಫೋನ್ ಆಫೀಸಿನಲ್ಲಿ ವಾರಕ್ಕೆ ನಾಲ್ಕು ಸಲ ಬಡಿದುಕೊಳ್ಳೋಕೆ ಶುರುವಾಯ್ತು. ಬಾಸ್ ಮುಖ ಗಂಟು ಹಾಕಿದರು. ಅವಳು ಆರು ವರ್ಷ ಏನು ನುಂಗಿದ್ದಳು ಅಂತ ಒಂದೇ ತಿಂಗಳಲ್ಲಿ ತಿಳಿಯಿತು. ಅವಳ ಕೆಲಸ ಉಳಿದಿದೆ.

ಕೇಂದ್ರ ಸರ್ಕಾರದ ನೌಕರ ತಂದೆಗೆ 15 ದಿನ ರಜೆ ಇದೆ. ಖಾಸಗಿಯಲ್ಲಿ ತಂದೆಗೆ ರಜೆ ಕೊಡಲೇಬೇಕು ಅಂತ ಕಾನೂನಿಲ್ಲ. ನಾವು ಗಂಡಸರೂ ಅದನ್ನು ಕೇಳಿಲ್ಲ.

ಹಾವೇರಿ_ಪಂಚಾಯ್ತಿ

ನಮಸ್ಕಾರ ಎಲ್ಲರಿಗೂ. ಹಳ್ಳಿ ಕಡೆಯಿಂದ ಒಂದು ಮಾತು. 2023ರಲ್ಲಿ ನಮ್ಮ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ "ಕೂಸಿನ ಮನೆ" ಶುರು ಮಾಡುವುದಾಗಿ ಹೇಳಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗೆ. ಜಾಬ್ ಕಾರ್ಡ್ ಇರುವ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳೋಕೆ ಹಚ್ಚಿದ್ದಾರೆ. ಕೊರತೆ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ತಾಯಿ ಕೆಲಸಕ್ಕೆ ಹೋದರೆ ಕೂಸು ಎಲ್ಲಿರಬೇಕು ಅನ್ನೋದು ಊರಿನ ಕೆಲಸ, ಆಕೆ ಒಬ್ಬಳ ಕೆಲಸ ಅಲ್ಲ ಅಂತ ಅಲ್ಲಿ ಒಪ್ಪಿಕೊಂಡ ಹಾಗಾಯ್ತು. ಅಷ್ಟು ದೊಡ್ಡ ಬೆಂಗಳೂರಿನ ವಾರ್ಡುಗಳಲ್ಲಿ ಇದು ಯಾಕೆ ಆಗಬಾರದು? ನಿಮಗೂ ಬೇಕು, ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೂ ಬೇಕು. ಆ ಕೊಡೆ ಹಿಡಿದು ನಿಂತಿದ್ದ ಆಯಾ ಮಗ ಆ ಹೊತ್ತಿಗೆ ಎಲ್ಲಿದ್ದ ಅಂತ ಗೊತ್ತಾಯಿತೇ ತಂಗಿ?

ಸಸ್ಯಶಾಸ್ತ್ರ_ಪಿಎಚ್‌ಡಿ

ವಾಪಸ್ ಬರಬೇಕು ಅನ್ನುವವರಿಗೆ ಒಂದು ಮಾಹಿತಿ. ಪಿಎಚ್‌ಡಿ ಆದ ಮೇಲೆ ಎರಡು ಹೆರಿಗೆ, ನಾಲ್ಕು ವರ್ಷ ಮನೆಯಲ್ಲಿದ್ದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆಯಲ್ಲಿ ಮತ್ತೆ ಲ್ಯಾಬಿಗೆ ಬಂದೆ. ನಡುವೆ ಕೆಲಸ ಬಿಟ್ಟ ಹೆಂಗಸರಿಗೆ ಅಂತಲೇ ಇಲಾಖೆ ಮಾಡಿದ್ದು ಅದು. ಈಗ ಅಂಥವು ವೈಸ್-ಕಿರಣ್ ಅನ್ನುವ ಹೆಸರಿನಡಿ ಇವೆ, ಇಲಾಖೆಯ ವೆಬ್‌ಸೈಟ್ ನೋಡುತ್ತಿರಿ. ಮೊದಲ ದಿನ ಮೈಕ್ರೋಸ್ಕೋಪ್ ಮುಂದೆ ಕೂತಾಗ ಎದೆ ಢವಢವ ಅನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಊಟ ಮರೆತಿದ್ದೆ. ವಿಜ್ಞಾನ ಬಿಟ್ಟು ಬೇರೆ ಕಡೆ ಇಂಥದ್ದು ಅಪರೂಪ ಅನ್ನೋದೇ ಸಂಕಟ.

ಹಾಸನದವ

ಅಮ್ಮನನ್ನು ಕೇಳಿದೆ. ಭಾನುವಾರ ಊರಿಗೆ ಹೋಗಿದ್ದೆ. ಅವರೆಕಾಳು ಬಿಡಿಸುತ್ತಿದ್ದರು. "ಅಮ್ಮಾ, ನೀನಾಗೇ ಬಿಟ್ಟೆಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೇಳಿದವರು ಯಾರಪ್ಪ? ನಿಮ್ಮಪ್ಪನಿಗೆ ಚಿತ್ರದುರ್ಗಕ್ಕೆ ವರ್ಗ ಆಯ್ತು, ಗಂಟುಮೂಟೆ ಕಟ್ಟಿದೆವು" ಅಂದರು. ಕೊನೆಯ ತಿಂಗಳ ಸಂಬಳ 1,140 ರೂಪಾಯಿ ಅಂತೆ. 35 ವರ್ಷ ಆಯ್ತು, ಇನ್ನೂ ನೆನಪಿದೆ. ಅರ್ಧವಾರ್ಷಿಕ ಪರೀಕ್ಷೆಯ ಪೇಪರುಗಳನ್ನು ಅರ್ಧ ತಿದ್ದಿ, ಉಳಿದದ್ದನ್ನು ಹೆಡ್‌ಮಾಸ್ಟರ ಕೈಗೆ ಕೊಟ್ಟು ಬಂದರಂತೆ. "ಆ ಮಕ್ಕಳಿಗೆ ಎಷ್ಟು ಮಾರ್ಕ್ಸ್ ಬಂತೋ" ಅಂದರು.

ನಾನು ಬರೆದಿದ್ದರಲ್ಲಿ ಒಂದು ಮಾತು ಈಗಲೂ ನಿಜ, ಅಮ್ಮ ಇದ್ದದ್ದರಿಂದ ನಾವು ಓದಿದೆವು. ಆದರೆ "ಮನಸ್ಸಾರೆ" ಅಂತ ಬರೆದದ್ದು ನನ್ನ ತಪ್ಪು. ಅದನ್ನು ಅಮ್ಮನ ಪರವಾಗಿ ನಾನು ಹೇಳಬಾರದಿತ್ತು. ಕ್ಷಮಿಸಿ ಮೇಡಂ.

ತುಮಕೂರು_ಹುಡುಗಿ

ಸರ್, ಕ್ಷಮೆ ಯಾಕೆ. ನೀವು ಕೇಳಿದಿರಲ್ಲ, ಅಷ್ಟು ಸಾಕು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಹಾವೇರಿಯವರು ಕೇಳಿದ ಪ್ರಶ್ನೆ ನನ್ನನ್ನು ಮಲಗೋಕೆ ಬಿಡಲಿಲ್ಲ. ನಿನ್ನೆ ಅಲ್ಲೇ ಉಳಿದಿದ್ದ ಮಗಳ ಬಟ್ಟೆ, ಚಾಪೆ ತರೋ ನೆಪದಲ್ಲಿ ಡೇಕೇರ್‌ಗೆ ಹೋಗಿದ್ದೆ. ಆಯಾ ಇದ್ದರು. ಕೇಳಿದೆ. ಅವರ ಮಗನಿಗೆ ಐದು ವರ್ಷ. ಹನ್ನೊಂದು ವರ್ಷದ ಅಕ್ಕ ಸರ್ಕಾರಿ ಶಾಲೆಯಿಂದ ಬಂದು ಅವನನ್ನು ನೋಡಿಕೊಳ್ಳುತ್ತಾಳೆ. ಅನ್ನಕ್ಕೆ ಇಟ್ಟಿರುತ್ತಾಳೆ. ಮಳೆ ಬಂದ ದಿನ ಕರೆಂಟ್ ಹೋಗಿತ್ತಂತೆ, ಇಬ್ಬರೂ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತಿದ್ದರಂತೆ. ಅವರು ಎಂಟು ಗಂಟೆಗೆ ಮನೆ ಮುಟ್ಟಿದರು. ನಾನು ತಡ ಮಾಡಿದ 40 ನಿಮಿಷ ಅಲ್ಲಿಗೂ ಹೋಗಿ ಮುಟ್ಟಿತ್ತು.

ಮನೆಗೆ ಬಂದು ಆ ಲೆಕ್ಕದ ಹಾಳೆಯನ್ನು ಇವರ ಮುಂದೆ ಇಟ್ಟೆ, ಇಲ್ಲಿ ಬಂದ ಎಲ್ಲವನ್ನೂ ಓದಿಸಿದೆ. ಉಡುಪಿಯವರು ಬರೆದದ್ದನ್ನು ಎರಡು ಸಲ ಓದಿದರು. ಹೊಸ ಹಾಳೆ ತೆಗೆದು, ಡೇಕೇರ್ ಫೀಸನ್ನು ಎರಡು ಭಾಗ ಮಾಡಿ, ಅರ್ಧ ತಮ್ಮ ಸಂಬಳದ ಕೆಳಗೆ ಬರೆದರು. ಹೆಚ್ಚು ಮಾತಾಡಲಿಲ್ಲ. ನಾನು ಎರಡು ಕಡೆ ಅರ್ಜಿ ಹಾಕಿದ್ದೇನೆ, ಎರಡೂ ಕಡೆ ರಾತ್ರಿ ಕಾಲ್ ಆಗುವುದಿಲ್ಲ ಅಂತ ಮೊದಲೇ ಬರೆದಿದ್ದೇನೆ. ಒಂದು ಕಡೆಯಿಂದ ಉತ್ತರ ಬಂದಿಲ್ಲ. ಇನ್ನೊಂದು ಕಡೆ ಬುಧವಾರ ಬರೋಕೆ ಹೇಳಿದ್ದಾರೆ. ಸೋಮವಾರದಿಂದ ಮಗಳು ಮತ್ತೆ ಡೇಕೇರ್‌ಗೆ ಹೋಗುತ್ತಾಳೆ. ಫಾರಂ ಇವರೇ ತುಂಬಿದ್ದಾರೆ, ಮೊದಲ ನಂಬರ್ ಇವರದ್ದು. ಸಂಜೆ ಆರಕ್ಕೆ ಕರೆದುಕೊಂಡು ಬರೋದೂ ಇವರೇ.